ಒಂದೇ ಗೇಮ್, ಎರಡು ಹ್ಯಾಂಡ್‌ಹೆಲ್ಡ್: ಯಾವುದರಲ್ಲಿ ಚೆನ್ನಾಗಿ ಓಡುತ್ತದೆ ಎಂದು ಅಳೆಯುವುದು ಹೇಗೆ?

ಕೈಯಲ್ಲಿ ಹಿಡಿದು ಪಿಸಿ ಗೇಮ್ ಆಡುವ ಯಂತ್ರಗಳಾದ ಸ್ಟೀಮ್ ಡೆಕ್ ಮತ್ತು ಆರ್‌ಒಜಿ ಅಲೈಯನ್ನು ಅಕ್ಕಪಕ್ಕ ಇಟ್ಟು, ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ತೋರಿಸಿ ತೀರ್ಪು ಕೊಡುವ ವಿಡಿಯೊಗಳು ಬೇಕಾದಷ್ಟಿವೆ. ಆ ಸಂಖ್ಯೆಗಳು ಸುಳ್ಳಲ್ಲ. ಆದರೆ ಒಂದು 15 ವ್ಯಾಟ್‌ನಲ್ಲಿ, ಇನ್ನೊಂದು 25 ವ್ಯಾಟ್‌ನಲ್ಲಿ ಓಡುತ್ತಿದ್ದರೆ ಅದು ಹೋಲಿಕೆಯೇ ಅಲ್ಲ, ಅಲ್ವಾ? ಎರಡೂ ಕೈಗೆ ಸಿಕ್ಕರೆ ನೀವೇ ಅಳೆದು ನೋಡಬಹುದು. (ಡೆಕ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. ಹೊರಗಿಂದ ತರಿಸಿಕೊಂಡ ಗೆಳೆಯರನ್ನು ಹುಡುಕಿ.)

ಗೇಮ್ ಸೈಬರ್‌ಪಂಕ್ 2077 ಇರಲಿ. ಅದರ ಸೆಟ್ಟಿಂಗ್ಸ್‌ನಲ್ಲೇ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಪರೀಕ್ಷೆ ಇದೆ. ಪ್ರತಿ ಸಲ ಒಂದೇ ದಾರಿ, ಒಂದೇ ದೃಶ್ಯ. ನೀವೇ ಆಡಿ ಅಳೆಯಲು ಹೋದರೆ ಒಂದು ಸಲ ಖಾಲಿ ಬೀದಿ, ಇನ್ನೊಂದು ಸಲ ಗುಂಡಿನ ಸುರಿಮಳೆ.

ಮೊದಲು ಎರಡರಲ್ಲೂ ಗೇಮ್‌ನ ಒಂದೇ ಆವೃತ್ತಿ ಇದೆಯೇ ನೋಡಿ. ನಂತರ ರೆಸಲ್ಯೂಶನ್. ಡೆಕ್‌ನ ಪರದೆ 1280x800, ಅಲೈಯದ್ದು 1920x1080. ಅಂದರೆ ಅಲೈ ಸುಮಾರು ಎರಡು ಪಟ್ಟು ಪಿಕ್ಸೆಲ್ ಬಿಡಿಸಬೇಕು. ಎರಡನ್ನೂ 1280x720ಕ್ಕೆ ಇಳಿಸಿ. ಡೆಕ್‌ನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಎರಡರಲ್ಲೂ ಲೋ ಪ್ರಿಸೆಟ್ ಆರಿಸಿ. ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿ ಹಿಗ್ಗಿಸುವುದು), ಫ್ರೇಮ್ ಜನರೇಷನ್ (ನಡುವೆ ಕೃತಕ ಫ್ರೇಮ್ ತುಂಬುವುದು), ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವುದು), ಫ್ರೇಮ್ ಲಿಮಿಟ್ ಎಲ್ಲ ಆಫ್ ಇರಲಿ. ಫ್ರೇಮ್ ಜನರೇಷನ್ ಆನ್ ಇದ್ದರೆ ಸುಮ್ನೆ ಸಂಖ್ಯೆ ಉಬ್ಬುತ್ತದೆ.

ಈಗ ವ್ಯಾಟ್. ಜಗಳವೆಲ್ಲ ಹುಟ್ಟುವುದು ಇಲ್ಲೇ. ಡೆಕ್‌ನ ಚಿಪ್‌ಗೆ 15 ವ್ಯಾಟ್ ಗರಿಷ್ಠ ಮಿತಿ. ಝಡ್1 ಎಕ್ಸ್‌ಟ್ರೀಮ್ ಚಿಪ್ ಇರುವ ಮೊದಲ ಅಲೈಯಲ್ಲಿ ಸೈಲೆಂಟ್ ಮೋಡ್ 10, ಪರ್ಫಾರ್ಮೆನ್ಸ್ 15, ಟರ್ಬೊ 25 ವ್ಯಾಟ್. ಚಾರ್ಜರ್ ಹಾಕಿದರೆ ಟರ್ಬೊ 30ಕ್ಕೆ ಹೋಗುತ್ತದೆ. ಹಾಗಾಗಿ ಎರಡನ್ನೂ ಬ್ಯಾಟರಿಯಲ್ಲೇ ಓಡಿಸಿ. ಪರ್ಫಾರ್ಮೆನ್ಸ್ ಮೋಡ್ ಕೂಡ ಸ್ವಲ್ಪ ಹೊತ್ತು 15 ದಾಟುತ್ತದೆ, ಅದಕ್ಕೇ ಮ್ಯಾನ್ಯುಯಲ್ ಮೋಡ್‌ನಲ್ಲಿ ಮೂರೂ ವ್ಯಾಟ್ ಮಿತಿಗಳನ್ನು (ನಿರಂತರ, ಸ್ವಲ್ಪ ಹೊತ್ತಿನ, ಕ್ಷಣಿಕ) 15ಕ್ಕೆ ಇಡಿ. ಅಲೈಯದ್ದು ಹೊಸ ಚಿಪ್, ಎಂಟು ಕೋರ್. ಡೆಕ್‌ನಲ್ಲಿ ನಾಲ್ಕೇ. ಆದರೂ 15 ವ್ಯಾಟ್‌ನಲ್ಲಿ ಅಂತರ ಜಾಹೀರಾತು ನೋಡಿ ಅಂದುಕೊಂಡಷ್ಟು ಇರುವುದಿಲ್ಲ. ಅಷ್ಟು ಕೋರ್‌ಗಳಿಗೆ ಹಂಚಲು ಕರೆಂಟ್ ಸಾಲುವುದಿಲ್ಲ. 10 ವ್ಯಾಟ್‌ಗೆ ಇಳಿಸಿ ನೋಡಿ, ಇನ್ನೂ ಮಜಾ ಇದೆ.

ಮೊದಲ ಓಟದ ಫಲಿತಾಂಶ ಬಿಟ್ಟುಬಿಡಿ. ಶೇಡರ್‌ಗಳು (ದೃಶ್ಯ ಬಿಡಿಸಲು ಬೇಕಾದ ಪುಟ್ಟ ಪ್ರೋಗ್ರಾಂಗಳು) ಆಗ ತಯಾರಾಗುತ್ತಿರುತ್ತವೆ, ಯಂತ್ರವೂ ತಣ್ಣಗಿರುತ್ತದೆ. ಕಾಲು ಗಂಟೆ ಆಡಿ ಬಿಸಿ ಮಾಡಿ, ಆಮೇಲೆ ಮೂರು ಸಲ ಓಡಿಸಿ ಮಧ್ಯದ ಫಲಿತಾಂಶ ಹಿಡಿಯಿರಿ. ಎರಡೂ ಒಂದೇ ಕೋಣೆಯಲ್ಲಿರಲಿ. ಒಂದನ್ನು ಎಸಿಯಲ್ಲಿ, ಇನ್ನೊಂದನ್ನು ಕಲಬುರಗಿಯ ಮೇ ತಿಂಗಳಲ್ಲಿ ಅಳೆದರೆ ಆಗದು.

ಸರಾಸರಿ ಎಫ್‌ಪಿಎಸ್ ಬರೆದುಕೊಂಡಿರಾ? ಸರಿ, ಅದನ್ನು ಜಾಸ್ತಿ ನಂಬಬೇಡಿ. ಕಣ್ಣಿಗೆ ತಿಳಿಯುವುದು ಫ್ರೇಮ್ ಟೈಮ್, ಅಂದರೆ ಒಂದೊಂದು ಫ್ರೇಮ್‌ಗೂ ಹಿಡಿಯುವ ಹೊತ್ತು. 60 ಎಫ್‌ಪಿಎಸ್ ಎಂದರೆ 16.7 ಮಿಲಿಸೆಕೆಂಡ್, 30 ಎಂದರೆ 33.3. ಸರಾಸರಿ 50 ಇದ್ದರೂ ನಡುನಡುವೆ 80 ಮಿಲಿಸೆಕೆಂಡಿನ ಫ್ರೇಮ್ ಬಂದರೆ ಆಟ ಮುಗ್ಗರಿಸುತ್ತದೆ. ಡೆಕ್‌ನಲ್ಲಿ ಮೂರು ಚುಕ್ಕಿಯ ಬಟನ್ ಒತ್ತಿ, ಪರ್ಫಾರ್ಮೆನ್ಸ್ ಓವರ್‌ಲೇಯ ಮಟ್ಟ ಏರಿಸಿದರೆ ಫ್ರೇಮ್ ಟೈಮ್ ಗೆರೆ ಕಾಣುತ್ತದೆ. ಅಲೈಯಲ್ಲಿ ವಿಂಡೋಸ್ ಇರುವುದರಿಂದ ಫ್ರೇಮ್ ಟೈಮ್ ದಾಖಲಿಸುವ ಕ್ಯಾಪ್‌ಫ್ರೇಮ್‌ಎಕ್ಸ್ ಆ್ಯಪ್ ಹಾಕಿಕೊಳ್ಳಿ. ಗೆರೆ ಸಪಾಟಾಗಿದ್ದಷ್ಟೂ ಒಳ್ಳೆಯದು.

ಇಷ್ಟಾದ ಮೇಲೆ ಎರಡನೇ ಸುತ್ತು. ಸಮಾನ ನಿಯಮ ಬಿಟ್ಟು, ನೀವು ನಿಜವಾಗಿ ಆಡುವ ಸೆಟ್ಟಿಂಗ್ ಹಾಕಿ. ಎಲ್‌ಸಿಡಿ ಡೆಕ್‌ನಲ್ಲಿ ಪರದೆಯನ್ನು 40 ಹರ್ಟ್ಜ್‌ಗೆ, ಗೇಮ್ ಅನ್ನು 40 ಎಫ್‌ಪಿಎಸ್‌ಗೆ ಕಟ್ಟಿಹಾಕಿ. ಅದು 25 ಮಿಲಿಸೆಕೆಂಡ್, ಫ್ರೇಮ್ ಟೈಮ್ ಲೆಕ್ಕದಲ್ಲಿ 30 ಮತ್ತು 60ರ ಸರಿಯಾದ ನಡುಮಧ್ಯ. ಅಲೈಯನ್ನು 1080ಪಿ, ಟರ್ಬೊಗೆ ಬಿಡಿ, ಎಫ್‌ಎಸ್‌ಆರ್ ಹಾಕಿ. ಅದರ 120 ಹರ್ಟ್ಜ್ ಪರದೆಗೆ ವಿಆರ್‌ಆರ್ (ಗೇಮ್‌ನ ಎಫ್‌ಪಿಎಸ್‌ಗೆ ತಕ್ಕಂತೆ ತನ್ನ ವೇಗ ಬದಲಿಸಿಕೊಳ್ಳುವ ಸೌಲಭ್ಯ) ಇದೆ, ಎಫ್‌ಪಿಎಸ್ ಏರಿಳಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಕಣ್ಣಿಗೆ ಇಲ್ಲಿ ಅಲೈಯೇ ಚೆಂದ.

ಕೊನೆಗೆ ಬ್ಯಾಟರಿ. ಎಲ್‌ಸಿಡಿ ಡೆಕ್ ಮತ್ತು ಮೊದಲ ಅಲೈ ಎರಡರದ್ದೂ 40 ವ್ಯಾಟ್-ಅವರ್. ಇಡೀ ಯಂತ್ರ 20 ವ್ಯಾಟ್ ಎಳೆದರೆ ಎರಡು ಗಂಟೆ, 40 ಎಳೆದರೆ ಒಂದೇ ಗಂಟೆ. ಟರ್ಬೊದಲ್ಲಿ ಅಲೈ ಹೆಚ್ಚುಕಡಿಮೆ ಅಷ್ಟು ಎಳೆಯುತ್ತದೆ. ಬೆಂಗಳೂರಿನಿಂದ ಮೈಸೂರು ರೈಲಿನಲ್ಲಿ ಆಡುವವರು ಈ ಲೆಕ್ಕವನ್ನೇ ಮೊದಲು ನೋಡಲಿ. ಅಳೆಯುವಾಗ ಎರಡರ ಬ್ರೈಟ್‌ನೆಸ್ ಒಂದೇ ಇರಲಿ, ವೈಫೈ ಆಫ್ ಮಾಡಿ.