ನೋಡಿಕೊಳ್ಳು, ಬಿಟ್ಟುಕೊಡು: ಫ್ರೇಸಲ್ ವರ್ಬ್ ನನಗೆ ದಕ್ಕಿದ್ದು ಹೀಗೆ

ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ಅಪ್, ಆಫ್, ಔಟ್ ಥರದ ಪದ ಸೇರಿ ಹೊಸ ಅರ್ಥ ಕೊಡುವ ಇಂಗ್ಲಿಷ್ ಜೋಡಿಗಳನ್ನು ಕಲಿಯುವಾಗ ಕನ್ನಡವನ್ನು ಹತ್ತಿರ ಸೇರಿಸಬೇಡ ಎಂದು ನನಗೆ ಹೇಳದವರೇ ಇಲ್ಲ. ದುಡ್ಡು ಕೊಟ್ಟು ಸೇರಿದ ಕೋರ್ಸಿನಲ್ಲೂ ಅದೇ ಮಾತು, ಆಫೀಸಿನ ಗೆಳೆಯರದ್ದೂ ಅದೇ ಮಾತು. ಇಂಗ್ಲಿಷಿನಲ್ಲೇ ಯೋಚನೆ ಮಾಡಬೇಕಂತೆ. ನಾನು ಕೊನೆಗೆ ಕಲಿತದ್ದು ಪೂರ್ತಿ ಕನ್ನಡದ ಮೂಲಕವೇ. ಈಗ ಇನ್ನೂರರ ಹತ್ತಿರ ಫ್ರೇಸಲ್ ವರ್ಬ್‌ಗಳು ಮಾತಾಡುವಾಗ ತಾವಾಗಿ ಬರುತ್ತವೆ. ಆಗದು ಎಂದಿದ್ದ ಗೆಳೆಯರಲ್ಲೇ ಇಬ್ಬರು ನನ್ನ ನೋಟ್‌ಬುಕ್ ಕೇಳಿ ಪಡೆದಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಕೋರ್ಸಿಗೆ ಹತ್ತಿರಹತ್ತಿರ ಅರ್ಧ ತಿಂಗಳ ಸಂಬಳ ಹೋಯಿತು. ಅಲ್ಲಿ ಕೊಟ್ಟದ್ದು ಕ್ರಿಯಾಪದದ ಪ್ರಕಾರ ಜೋಡಿಸಿದ ಪಟ್ಟಿಗಳು. ಒಂದು ದಿನ ಗೆಟ್ ಅಪ್, ಗೆಟ್ ಆನ್, ಗೆಟ್ ಓವರ್, ಗೆಟ್ ಬೈ, ಗೆಟ್ ಅವೇ ವಿತ್. ಮರುದಿನ ಪುಟ್ ಆಫ್, ಪುಟ್ ಔಟ್, ಪುಟ್ ಡೌನ್, ಪುಟ್ ಅಪ್ ವಿತ್. ಒಂದೇ ಮುಖದ ಹತ್ತು ಜನರನ್ನು ಒಟ್ಟಿಗೆ ಪರಿಚಯ ಮಾಡಿಸಿದ ಹಾಗೆ. ವಾರ ಕಳೆಯುವಷ್ಟರಲ್ಲಿ ಎಲ್ಲ ಕಲಸಿಹೋಗುತ್ತಿತ್ತು. ಆಮೇಲೆ ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದೆ. ಅದರಲ್ಲಿ ಅಂಕ ಜಾಸ್ತಿ ಬರುತ್ತಿತ್ತು, ಬಾಯಿಗೆ ಮಾತ್ರ ಏನೂ ಬರುತ್ತಿರಲಿಲ್ಲ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಒತ್ತುವುದು ಬೇರೆ, ಮೀಟಿಂಗಿನಲ್ಲಿ ಹೇಳುವುದು ಬೇರೆ ಅಲ್ವಾ. ಇವೆಲ್ಲ ಸೇರಿ ಒಂದು ತಿಂಗಳ ಸಂಬಳ ಕರಗಿರಬೇಕು. ಕೊನೆಗೆ ಕೆಲಸ ಮಾಡಿದ ವಿಧಾನಕ್ಕೆ ಆದ ಖರ್ಚು ಒಂದು ನೋಟ್‌ಬುಕ್, ಅಷ್ಟೇ.

ದಾರಿ ಸಿಕ್ಕಿದ್ದು ಲುಕ್ ಆಫ್ಟರ್‌ನಿಂದ. ಮಗುವನ್ನು ನೋಡಿಕೊ ಎನ್ನುತ್ತೇವೆ. 'ನೋಡು' ಇದೆ, 'ಕೊಳ್ಳು' ಇದೆ. ಎರಡೂ ಸೇರಿದಾಗ ಬರುವ ಅರ್ಥ ಎರಡರಲ್ಲೂ ಇಲ್ಲ. ಲುಕ್ ಆಫ್ಟರ್ ಕಥೆಯೂ ಇದೇ. ನಮ್ಮ ಕ್ರಿಯಾಪದಗಳಿಗೆ ಕೊಳ್ಳು, ಬಿಡು, ಹಾಕು, ಹೋಗು, ಕೊಡು ಎಂಬ ಬಾಲಗಳಿವೆ. ಅವರಿಗೆ ಅಪ್, ಆಫ್, ಔಟ್, ಡೌನ್, ಓವರ್ ಇವೆ. ತೀರಿಹೋಯಿತು ಎಂದರೆ ರನ್ ಔಟ್, ತೀರಿಕೊಂಡರು ಎಂದರೆ ಪಾಸ್ ಅವೇ. ಮೂಲ ಒಂದೇ, ಬಾಲ ಬದಲಾದರೆ ಸಾಮಾನು ಮುಗಿಯುವುದೂ ಮನುಷ್ಯ ಹೋಗುವುದೂ ಬೇರೆಬೇರೆ. ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಬಾಲದಿಂದ ಅರ್ಥ ಹಿಡಿಯುವ ಕೌಶಲ ನಮ್ಮಲ್ಲಿ ಆಗಲೇ ಇದೆ. ಅದನ್ನು ಬದಿಗಿಟ್ಟು ಶೂನ್ಯದಿಂದ ಶುರು ಮಾಡು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಪುಟಗಳನ್ನು ಕನ್ನಡದ ಬಾಲದ ಪ್ರಕಾರ ಮಾಡಿದೆ. ಕೊಳ್ಳು ಪುಟದಲ್ಲಿ ಬರೆದುಕೊಳ್ಳು, ರೈಟ್ ಡೌನ್. ಎತ್ತಿಕೊಳ್ಳು, ಪಿಕ್ ಅಪ್. ಹಾಕಿಕೊಳ್ಳು, ಪುಟ್ ಆನ್. ವಹಿಸಿಕೊಳ್ಳು, ಟೇಕ್ ಓವರ್. ಜ್ವರದಿಂದ ಸುಧಾರಿಸಿಕೊಳ್ಳು, ಗೆಟ್ ಓವರ್. ಹಾಕು ಪುಟದಲ್ಲಿ ಹೊಡೆದುಹಾಕು, ಕ್ರಾಸ್ ಔಟ್. ಕಟ್ಟಿಹಾಕು, ಟೈ ಅಪ್. ಹೀಗೆ ಮಾಡಿದಾಗ ಗೆಟ್ ಓವರ್ ಒಂದು ಪುಟದಲ್ಲಿ, ಗೆಟ್ ಬೈ ಇನ್ನೊಂದು ಪುಟದಲ್ಲಿ. ಗೆಟ್ ಗುಂಪಿನ ಗದ್ದಲ ಅಲ್ಲಿಗೆ ನಿಂತಿತು. ಬಾಲವಿಲ್ಲದ ನುಡಿಗಟ್ಟುಗಳಿಗೆ ಕೊನೆಯಲ್ಲಿ ಬೇರೆ ಪುಟ ಇಟ್ಟೆ: ಗಾಡಿ ಕೈಕೊಡುವುದು ಬ್ರೇಕ್ ಡೌನ್, ಗುಂಪಿನಲ್ಲಿ ಎದ್ದು ಕಾಣುವುದು ಸ್ಟ್ಯಾಂಡ್ ಔಟ್, ಮುಂದೂಡುವುದು ಪುಟ್ ಆಫ್. ಗೋ ಆಫ್ ನನಗೆ ಬಹಳ ದಿನ ಕಾಡಿತ್ತು, ಏಕೆಂದರೆ ದೀಪ ಗೋ ಆಫ್ ಆದರೆ ಆರುತ್ತದೆ, ಅಲಾರಂ ಗೋ ಆಫ್ ಆದರೆ ಕೂಗುತ್ತದೆ. 'ಅಲಾರಂ ಹೊಡೆದುಕೊಂಡಿತು' ಎಂದು ಬರೆದ ಮೇಲೆ ಆ ಗೊಂದಲ ಹೋಯಿತು.

ಒಂದಕ್ಕೆ ಒಂದು ಯಾವಾಗಲೂ ಕೂರುವುದಿಲ್ಲ, ಅದು ಗೊತ್ತಿರಲಿ. ವಾದದಲ್ಲಿ ಬಿಟ್ಟುಕೊಟ್ಟರೆ ಗಿವ್ ಇನ್, ಸಿಗರೇಟು ಬಿಟ್ಟುಬಿಟ್ಟರೆ ಗಿವ್ ಅಪ್. ಇಲ್ಲಿಯವರೆಗೆ ಚೆನ್ನಾಗಿದೆ. ಆದರೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ ಅದು ಗಿವ್ ಅಪ್. ಇಂಥವನ್ನು ಕೆಂಪು ಶಾಯಿಯಲ್ಲಿ ಬರೆದೆ. ಕೆಂಪು ಸಾಲುಗಳೇ ಜಾಸ್ತಿ ನೆನಪಿನಲ್ಲಿ ಉಳಿದವು.

ಯಾವುದನ್ನು ಮೊದಲು ಕಲಿಯಬೇಕು ಎನ್ನುವುದರಲ್ಲಿ ನಾನು ಊಹೆ ಮಾಡಲಿಲ್ಲ. 2007ರಲ್ಲಿ ಗಾರ್ಡ್ನರ್ ಮತ್ತು ಡೇವಿಸ್ ಎಂಬ ಭಾಷಾ ಸಂಶೋಧಕರು ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಇಂಗ್ಲಿಷ್ ಬರಹ, ಮಾತುಗಳ ದೊಡ್ಡ ಸಂಗ್ರಹವನ್ನು ಎಣಿಸಿ ನೋಡಿದಾಗ, ಮೇಲಿನ 100 ಫ್ರೇಸಲ್ ವರ್ಬ್‌ಗಳೇ ಒಟ್ಟು ಬಳಕೆಯ ಅರ್ಧಕ್ಕಿಂತ ಜಾಸ್ತಿ ಇದ್ದವು. ಎಲ್ಲಕ್ಕಿಂತ ಮೇಲೆ ಇದ್ದದ್ದು ಗೋ ಆನ್. 2015ರಲ್ಲಿ ಗಾರ್ನಿಯೆ ಮತ್ತು ಶ್ಮಿಟ್ ಎಂಬ ಸಂಶೋಧಕರು ಇನ್ನೂ ಉಪಕಾರ ಮಾಡಿದರು. 150 ಫ್ರೇಸಲ್ ವರ್ಬ್‌ಗಳನ್ನು ತೆಗೆದುಕೊಂಡು, ನಿಜವಾಗಿ ಬಳಕೆಯಲ್ಲಿರುವ 288 ಅರ್ಥಗಳನ್ನು ಮಾತ್ರ ಉಳಿಸಿಕೊಂಡರು. ಅಂದರೆ ಒಂದಕ್ಕೆ ಸರಾಸರಿ ಎರಡು ಅರ್ಥ. ಡಿಕ್ಷನರಿಯಲ್ಲಿ ಪಿಕ್ ಅಪ್‌ಗೆ ಸಾಲುಸಾಲು ಅರ್ಥ ನೋಡಿ ಹೆದರುವವರಿಗೆ ಇದು ದೊಡ್ಡ ಸಮಾಧಾನ. ನನ್ನ ಪುಟಗಳಿಗೆ ಮೊದಲು ಹೋದದ್ದು ಆ ಪಟ್ಟಿಯೇ.

ಕ್ರಿಯಾಪದ ಮತ್ತು ಬಾಲದ ನಡುವೆ ಇನ್ನೊಂದು ಪದ ಕೂರಬಹುದೋ ಇಲ್ಲವೋ, ಅಂದರೆ ಬೇರ್ಪಡುವುದು, ಬೇರ್ಪಡದಿರುವುದು ಎಂಬ ನಿಯಮವನ್ನು ನಾನು ಬಾಯಿಪಾಠ ಮಾಡಲೇ ಇಲ್ಲ. 'ಇಟ್' ಸೇರುವ ಪ್ರತಿಯೊಂದನ್ನೂ ಅದನ್ನು ಸೇರಿಸಿಯೇ ಬರೆದೆ. ಪುಟ್ ಇಟ್ ಆಫ್. ಫಿಗರ್ ಇಟ್ ಔಟ್. ಲುಕ್ ಇನ್‌ಟು ಇಟ್. ಗೆಟ್ ಓವರ್ ಇಟ್. ಇಟ್ ಎಲ್ಲಿ ಕೂರುತ್ತದೆ ಎನ್ನುವುದು ಅರ್ಥದ ಜೊತೆಗೇ ಬಾಯಿಗೆ ಬಂತು. ಟರ್ನ್ ಆಫ್ ಇಟ್ ಎಂದು ಯಾರಾದರೂ ಹೇಳಿದರೆ ಈಗ ಕಿವಿಗೇ ಚುಚ್ಚುತ್ತದೆ. ಇಡೀ ವಿಧಾನದಲ್ಲಿ ಒಂದನ್ನೇ ತೆಗೆದುಕೊಳ್ಳಿ ಎಂದರೆ ನಾನು ಇದನ್ನೇ ಕೊಡುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನನ್ನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಒತ್ತು ಎಲ್ಲಿ ಬೀಳುತ್ತದೆ ಎಂದು ಕೇಳಿದೆ. ಪಿಕ್ ಇಟ್ ಅಪ್ ಎನ್ನುವಾಗ ಒತ್ತು ಅಪ್ ಮೇಲೆ, ಲುಕ್ ಆಫ್ಟರ್ ಇಟ್ ಎನ್ನುವಾಗ ಲುಕ್ ಮೇಲೆ. ಒತ್ತು ಸಿಕ್ಕರೆ ಇಟ್‌ನ ಜಾಗವೂ ಸಿಗುತ್ತದೆ ಎಂದುಕೊಂಡೆ. ಎಲ್ಲ ಕಡೆ ನಡೆಯಲಿಲ್ಲ. ಗೆಟ್ ಓವರ್ ಇಟ್‌ನಲ್ಲಿ ಓವರ್‌ಗೆ ಒತ್ತು ಬೀಳುತ್ತದೆ, ಇಟ್ ಮಾತ್ರ ಕೊನೆಯಲ್ಲೇ. ಆದರೂ ಉಚ್ಚಾರಣೆಗೆ ಲಾಭವಾಯಿತು. ಬ್ರೇಕ್‌ಡೌನ್ ನಾಮಪದವಾದಾಗ ಒತ್ತು ಬ್ರೇಕ್ ಮೇಲೆ ಬರುತ್ತದೆ ಎನ್ನುವುದು ಆಗಲೇ ಗಟ್ಟಿಯಾದದ್ದು. ಕ್ರಿಕೆಟ್ ಕಾಮೆಂಟರಿಯನ್ನೂ ಸ್ವಲ್ಪ ದಿನ ಕೇಳಿದೆ. ಚೇಸ್ ಡೌನ್, ಬೌಲ್ ಔಟ್, ಹೋಲ್ಡ್ ಆನ್ ಟು ಸಾಕಷ್ಟು ಸಿಗುತ್ತವೆ. ಆದರೆ ಆಫೀಸಿನ ಮಾತಿಗೆ ಬೇಕಾದ ಫಾಲೋ ಅಪ್, ಸಾರ್ಟ್ ಔಟ್, ಗೋ ಓವರ್ ಅಲ್ಲಿ ಕಡಿಮೆ. ಅವು ಬೇಕಿದ್ದರೆ ನಿಮಗೆ ಬರುವ ಈಮೇಲ್‌ಗಳೇ ಸಾಕು, ಅದಕ್ಕೆ ದುಡ್ಡೂ ಬೇಡ.

ದಿನಕ್ಕೆ ನಾಲ್ಕೈದಕ್ಕಿಂತ ಜಾಸ್ತಿ ಹೊಸದನ್ನು ಸೇರಿಸಲಿಲ್ಲ. ಹಳೆಯದನ್ನು ತಿರುವಿ ಹಾಕುವ ಕ್ರಮ ನಿಮಗೆಲ್ಲ ಗೊತ್ತಿರುವುದೇ, ಆಂಕಿ ಎಂಬ ಕಾರ್ಡ್ ತಿರುವುವ ಆ್ಯಪಾದರೂ ಸರಿ, ಕಾಗದದ ಚೀಟಿಯಾದರೂ ಸರಿ. ಕಾರ್ಡಿನ ಮುಂದೆ ಕನ್ನಡ ವಾಕ್ಯ, ಹಿಂದೆ ಇಂಗ್ಲಿಷ್ ವಾಕ್ಯ. ಉಲ್ಟಾ ಮಾಡಿದರೆ ಓದಿ ಅರ್ಥ ಮಾಡಿಕೊಳ್ಳುವುದು ಬರುತ್ತದೆ, ಮಾತು ಬರುವುದಿಲ್ಲ. ಅಪ್ ಸೇರುವ ಫ್ರೇಸಲ್ ವರ್ಬ್‌ಗಳನ್ನು ನಾನು ಪುಟಗಳಿಗೆ ಹಂಚಿದ ರೀತಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬಹಳ ತಿಂಗಳು ಹಿಡಿದಿವೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಶುರು ಮಾಡುವವರು ಕೊಳ್ಳು ಪುಟದಿಂದ ಮಾಡಿ. ಬಿಡು ಪುಟ ನೋಡೋಕೆ ಸುಲಭ, ಈಟ್ ಅಪ್ ತಿಂದುಬಿಡು, ಸ್ಪೀಕ್ ಔಟ್ ಹೇಳಿಬಿಡು ಎಂದು ಸರಸರ ತುಂಬುತ್ತದೆ. ಆದರೆ ಕೆಂಪು ಶಾಯಿ ಜಾಸ್ತಿ ಬೇಕಾಗುವುದೂ ಅಲ್ಲೇ. ಮೇಕ್ ಅಪ್ ಬಂದಾಗ ಅವಸರ ಮಾಡಬೇಡಿ. ಕಥೆ ಕಟ್ಟುವುದು, ಜಗಳದ ನಂತರ ರಾಜಿಯಾಗುವುದು, ಫಾರ್ ಸೇರಿದರೆ ನಷ್ಟ ತುಂಬಿಕೊಡುವುದು, ಮೂರನ್ನೂ ಮೂರು ಪುಟಗಳಲ್ಲಿ, ವಾರಗಳ ಅಂತರ ಬಿಟ್ಟು ಬರೆಯಿರಿ.