ಸ್ಯಾಂಡ್‌ವಿಚ್ ಒದ್ದೆಯಾಗದಂತೆ ಮಾಡುವುದು ಹೇಗೆ?

ಸ್ಯಾಂಡ್‌ವಿಚ್ ಮಾಡುವುದರಲ್ಲಿ ಏನು ಮಹಾ ಎಂದುಕೊಂಡೇ ಹೆಚ್ಚಿನವರು ಅದನ್ನು ಕೆಡಿಸುತ್ತಾರೆ. ಟೊಮೆಟೊ ಹೆಚ್ಚಿ ನೇರ ಬ್ರೆಡ್ ಮೇಲೆ ಜೋಡಿಸುವುದು, ಮೇಲಿಂದ ಉಪ್ಪು ಉದುರಿಸುವುದು, ಮುಚ್ಚಿಡುವುದು. ಹತ್ತು ನಿಮಿಷ ಬಿಟ್ಟು ಕೈಗೆತ್ತಿಕೊಂಡರೆ ಕೆಳಗಿನ ಹೋಳು ಒದ್ದೆಯಾಗಿ ಹರಿದುಹೋಗುತ್ತದೆ. ಸೌತೆಕಾಯಿ, ಟೊಮೆಟೊ ಎರಡರಲ್ಲೂ ಶೇ 95ರ ಆಸುಪಾಸು ನೀರೇ. ಉಪ್ಪು ತಗುಲಿದ ಕೂಡಲೇ ಅದು ಹೊರಬರುತ್ತದೆ. ಬ್ರೆಡ್‌ನೊಳಗೆ ಇಳಿಯಲಿರುವ ಆ ನೀರನ್ನು ಮೊದಲೇ ಹೊರಗೆ ಬರಿಸಿಬಿಡುವುದೇ ಇಲ್ಲಿನ ಮುಖ್ಯ ಕೆಲಸ.

ಬ್ರೆಡ್ ತಂದ ದಿನಕ್ಕಿಂತ ಮರುದಿನದ್ದು ವಾಸಿ, ಕೊಯ್ದರೆ ಪುಡಿಯಾಗುವುದಿಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಆ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗಿ, ಹೊರಗಿಟ್ಟ ಬ್ರೆಡ್‌ಗಿಂತ ಮೊದಲೇ ಒರಟಾಗುತ್ತದೆ. ಉಳಿದದ್ದನ್ನು ಫ್ರೀಜರ್‌ಗೆ ಹಾಕಿ.

ಮುಂದಿನದು ಬೆಣ್ಣೆ. ಅದು ಕೋಣೆಯ ಉಷ್ಣಾಂಶಕ್ಕೆ ಬಂದು ಮೆತ್ತಗಾಗಿರಬೇಕು. ಎರಡೂ ಹೋಳಿಗೆ, ನಾಲ್ಕೂ ಅಂಚಿನವರೆಗೆ, ಒಂದಿಷ್ಟೂ ಜಾಗ ಬಿಡದೆ ತೆಳ್ಳಗೆ ಸವರಿ. ಬೆಣ್ಣೆಯಲ್ಲಿ ಶೇ 80ರಷ್ಟು ಕೊಬ್ಬು ಇರುವುದರಿಂದ ಅದು ನೀರನ್ನು ಬ್ರೆಡ್‌ಗೆ ಇಳಿಯಗೊಡುವುದಿಲ್ಲ. ನಡುವೆ ಒಂದು ಮುದ್ದೆ ಹಚ್ಚಿ ಬಿಟ್ಟರೆ ಒದ್ದೆಯಾಗುವುದು ಅಂಚಿನಿಂದಲೇ. ‘ಕಡಿಮೆ ಕೊಬ್ಬಿನ ಸ್ಪ್ರೆಡ್’ ಎಂದು ಡಬ್ಬಿಯಲ್ಲಿ ಬರುವುದನ್ನು ಇದಕ್ಕೆ ಬಳಸಲೇಬೇಡಿ. ಕೊಬ್ಬು ಕಡಿಮೆ ಮಾಡಿದ ಜಾಗದಲ್ಲಿ ತುಂಬಿರುವುದು ಬಹುಪಾಲು ನೀರು.

ಈಗ ಎಲ್ಲರೂ ಎಡವುವ ಹಂತ. ಸೌತೆಕಾಯಿಯ ಸಿಪ್ಪೆ ತೆಗೆದು, ಬಿಲ್ಲೆಗಳನ್ನು ಎರಡು ಮಿಲಿಮೀಟರ್‌ಗಿಂತ ದಪ್ಪವಾಗದಂತೆ ಹೆಚ್ಚಿ. ಬೆಳಕಿಗೆ ಹಿಡಿದರೆ ಆಚೆಯ ಬೆರಳಿನ ನೆರಳು ಕಾಣಬೇಕು. ಜಾಲರಿಯಲ್ಲಿ ಹರಡಿ, ಒಂದು ಸೌತೆಕಾಯಿಗೆ ಕಾಲು ಚಮಚದಂತೆ ಉಪ್ಪು ಉದುರಿಸಿ ಇಪ್ಪತ್ತು ನಿಮಿಷ ಬಿಡಿ. ಮೊದಲು ಬಿಲ್ಲೆಗಳ ಮೇಲೆ ಬೆವರಿನಂತೆ ಹನಿ ಮೂಡುತ್ತದೆ, ಆಮೇಲೆ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಬಿಲ್ಲೆ ಮುರಿಯದೆ ಬಾಗಿದರೆ ಹದ ಬಂದಿದೆ ಎಂದರ್ಥ. ಆಗ ಒಣ ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಹರಡಿ, ಇನ್ನೊಂದು ಬಟ್ಟೆ ಹೊದಿಸಿ ಅಂಗೈಯಿಂದ ಒತ್ತಿ. ಮುಷ್ಟಿಯಲ್ಲಿ ಹಿಂಡುವುದು ಬೇಡ, ಬಿಲ್ಲೆ ನುಜ್ಜಾಗುತ್ತದೆ. ಅವಸರವಿದ್ದರೆ ಹತ್ತು ನಿಮಿಷಕ್ಕೂ ನಡೆದೀತು. ಒತ್ತಿ ಒರೆಸುವುದನ್ನು ಮಾತ್ರ ಬಿಡುವಂತಿಲ್ಲ. ಆಮೇಲೆ ಮತ್ತೆ ಉಪ್ಪು ಬೇಡ, ಚಿಟಿಕೆ ಬಿಳಿ ಮೆಣಸಿನ ಪುಡಿ ಸಾಕು.

ಟೊಮೆಟೊ ವಿಷಯದಲ್ಲಿ ಬೀಜವನ್ನೆಲ್ಲ ಕೆರೆದು ಎಸೆಯಿರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಬೀಜದ ಸುತ್ತಲಿನ ಲೋಳೆಯಲ್ಲೇ ರುಚಿ ಹೆಚ್ಚು. ಗಟ್ಟಿಯಾದ ಹಣ್ಣು ಆರಿಸಿ, ಅಡ್ಡಲಾಗಿ ಕೊಯ್ದು, ಬಟ್ಟೆಯ ಮೇಲೆ ಹತ್ತು ನಿಮಿಷ ಇಡಿ. ಜೋಡಿಸುವಾಗ ಅದು ಬ್ರೆಡ್‌ಗೆ ತಾಗದಿರಲಿ, ಕೆಳಗೊಂದು ಚೀಸ್ ಹಾಳೆ, ಮೇಲೊಂದು ಲೆಟ್ಯೂಸ್ ಎಲೆ ಇರಲಿ. ಎಲೆಯಲ್ಲೂ ನೀರಿನ ಪಸೆ ಇರಬಾರದು.

ಜೋಡಿಸಿದ ಮೇಲೆ ಹಗುರವಾದ ತಟ್ಟೆಯೊಂದನ್ನು ಮೇಲಿಟ್ಟು ಐದು ನಿಮಿಷ ಬಿಟ್ಟರೆ ಪದರಗಳು ಹಿಡಿದುಕೊಳ್ಳುತ್ತವೆ. ಅಂಚು ತೆಗೆಯುವುದಿದ್ದರೆ ಈಗ ತೆಗೆಯಿರಿ, ಮೊದಲೇ ಅಲ್ಲ. ಹಲ್ಲಿನ ಚಾಕುವನ್ನು ಒತ್ತದೆ, ಹಿಂದೆ ಮುಂದೆ ಎಳೆಯುತ್ತಾ ಕೊಯ್ಯಬೇಕು.

ಮೊಟ್ಟೆಯ ಸ್ಯಾಂಡ್‌ವಿಚ್ ಸುಲಭ: ಕುದಿವ ನೀರಲ್ಲಿ ಹತ್ತು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ, ಪೂರ್ತಿ ಆರಿದ ಮೇಲೆ ಒರಟಾಗಿ ಹೆಚ್ಚಿ ಮೇಯನೀಸ್ ಬೆರೆಸಿ. ಬಿಸಿ ಇರುವಾಗ ಬೆರೆಸಿದರೆ ನೀರಾಗುತ್ತದೆ.

ಕ್ಲಬ್ ಸ್ಯಾಂಡ್‌ವಿಚ್‌ಗೆ ಮೂರು ಹೋಳು ಬೇಕು. ಮೂರನ್ನೂ ಟೋಸ್ಟ್ ಮಾಡಿ, ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಆರಿಸಿ. ಪೇರಿಸಿದರೆ ಹಬೆಗೆ ಮೆತ್ತಗಾಗುತ್ತವೆ. ನಡುವಿನ ಹೋಳಿಗೆ ಎರಡೂ ಬದಿ ಮೇಯನೀಸ್. ಒಂದು ಅಂತಸ್ತಿನಲ್ಲಿ ಚಿಕನ್, ಇನ್ನೊಂದರಲ್ಲಿ ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿಮಾಂಸದ ತೆಳು ಪಟ್ಟಿ), ಟೊಮೆಟೊ, ಲೆಟ್ಯೂಸ್. ಮೊದಲು ನಾಲ್ಕು ಕಡೆ ಕಡ್ಡಿ ಚುಚ್ಚಿ, ಆಮೇಲೆ ನಾಲ್ಕು ತ್ರಿಕೋನ ಮಾಡಿ. ಕೊಯ್ದು ಚುಚ್ಚಲು ಹೋದರೆ ಎಲ್ಲ ಜಾರುತ್ತದೆ.

ಇನ್ನು ಗ್ರಿಲ್ಡ್ ಚೀಸ್. ಹೊರಗೆ ಕಪ್ಪಾಗಿ ಒಳಗೆ ಚೀಸ್ ಹಾಗೇ ಉಳಿಯುವುದಕ್ಕೆ ಕಾರಣ ಒಂದೇ, ಜೋರು ಉರಿ. ದಪ್ಪ ತಳದ ಬಾಣಲೆ, ಸಣ್ಣ ಉರಿ ಇರಲಿ. ಚೆಡ್ಡಾರ್ ಜೊತೆಗೆ ಸ್ವಲ್ಪ ಮೊಝರೆಲ್ಲಾ ನನ್ನ ಆಯ್ಕೆ: ಒಂದರಿಂದ ರುಚಿ, ಇನ್ನೊಂದರಿಂದ ಎಳೆ. ಚೀಸ್ ಗಡ್ಡೆಯನ್ನು ಮನೆಯಲ್ಲೇ ತುರಿಯಿರಿ. ತುರಿದೇ ಬರುವ ಪೊಟ್ಟಣದಲ್ಲಿ ಎಳೆಗಳು ಅಂಟದಿರಲೆಂದು ಪಿಷ್ಟ ಸವರಿರುತ್ತಾರೆ, ಅದು ಚೆನ್ನಾಗಿ ಬೆರೆಯುವುದಿಲ್ಲ. ಬ್ರೆಡ್‌ನ ಹೊರಮೈಗೆ ಬೆಣ್ಣೆ ಸವರಿ ಬಾಣಲೆಗಿಟ್ಟು, ಮೊದಲ ಬದಿಗೆ ಮಾತ್ರ ಮುಚ್ಚಳ ಹಾಕಿ. ಒಳಗಿನ ಬಿಸಿಗೆ ಚೀಸ್ ಕರಗುತ್ತದೆ. ಮೂರು ನಾಲ್ಕು ನಿಮಿಷಕ್ಕೆ ಅಂಚೆತ್ತಿ ನೋಡಿ, ಹೊಂಬಣ್ಣ ಬಂದಿದ್ದರೆ ಮಗುಚಿ. ಎರಡನೇ ಬದಿಗೆ ಮುಚ್ಚಳ ತೆಗೆದುಬಿಡಿ, ಇಲ್ಲದಿದ್ದರೆ ಗರಿಗರಿ ಹೋಗುತ್ತದೆ. ಸಟ್ಟುಗದಿಂದ ಅದುಮಬೇಡಿ, ಚೀಸ್ ಹೊರಹರಿದು ಸೀಯುತ್ತದೆ.

ಇಳಿಸಿದ್ದನ್ನು ನೇರ ತಟ್ಟೆಗೆ ಹಾಕದೆ, ತಂತಿಯ ಜಾಲರಿಯ ಮೇಲೆ ಒಂದು ನಿಮಿಷ ಇಡಿ. ತಳದ ಹಬೆ ಹೋಗುತ್ತದೆ, ಕೊಯ್ದಾಗ ಚೀಸ್ ಹರಿದುಹೋಗದೆ ನಿಲ್ಲುತ್ತದೆ.