ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡಿಂಗ್: ಹಣ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ರಾತ್ರಿ ಹತ್ತರ ಮೇಲೆ ವಾಲ್ವ್ ಆಂಪ್ಲಿಫೈಯರನ್ನು ಅದಕ್ಕೆ ಬೇಕಾದಷ್ಟು ಏರಿಸಿ ನುಡಿಸಲು ಹೊರಟರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಆದ್ದರಿಂದ ನಮ್ಮಲ್ಲಿ ಹೆಚ್ಚಿನವರಿಗೆ ಉಳಿಯುವ ದಾರಿಯೆಂದರೆ, ಗಿಟಾರನ್ನು, ಅದರ ಸಿಗ್ನಲನ್ನು ಡಿಜಿಟಲ್ ಆಗಿ ಬದಲಿಸುವ ಆಡಿಯೊ ಇಂಟರ್‌ಫೇಸ್ ಮೂಲಕ ನೇರವಾಗಿ ಕಂಪ್ಯೂಟರಿಗೆ ಸೇರಿಸಿ, ಆಂಪ್, ಕ್ಯಾಬಿನೆಟ್ ಮತ್ತು ಪೆಡಲ್‌ಗಳ ಕೆಲಸವನ್ನು ಸಾಫ್ಟ್‌ವೇರಿನಿಂದ ಮಾಡಿಸಿಕೊಳ್ಳುವುದು. ಕಂಪ್ಯೂಟರಿನೊಳಕ್ಕೆ ಹೋಗುವ ಸಿಗ್ನಲ್ ಶುದ್ಧವಾಗಿದ್ದರೆ ಉಚಿತ ಸಾಫ್ಟ್‌ವೇರೇ ಸಾಕಾಗುತ್ತದೆ. ಅದು ಕೆಟ್ಟಿದ್ದರೆ ಎಷ್ಟು ದುಬಾರಿಯ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಸೇರಿಸುವ ಪುಟ್ಟ ತಂತ್ರಾಂಶ) ತಂದರೂ ಪ್ರಯೋಜನವಿಲ್ಲ ಎಂಬುದು ನನ್ನ ಅನುಭವ.

ಮೊದಲ ಖರೀದಿ ಇಂಟರ್‌ಫೇಸ್ ಆಗಿರಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಮಾದರಿಯಂಥ ಸಣ್ಣ ಪೆಟ್ಟಿಗೆ ಒಬ್ಬ ಗಿಟಾರ್ ವಾದಕನಿಗೆ ಧಾರಾಳವಾಗಿ ಸಾಕು. ಕೊಳ್ಳುವಾಗ ನೋಡಬೇಕಾದದ್ದು ಅದರಲ್ಲಿ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ (Hi-Z) ಎಂದು ಗುರುತಿಸಿದ ಒಳದಾರಿ ಇದೆಯೇ ಎಂಬುದನ್ನು. ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ಅದು ತನ್ನೊಳಗೇ ಸಿಗ್ನಲ್‌ಗೆ ಹೆಚ್ಚು ಅಡ್ಡಿ (ಇಂಪೀಡೆನ್ಸ್) ಒಡ್ಡುವುದರಿಂದ, ಸುಮಾರು ಒಂದು ಮೆಗಾಓಮ್ ಇಂಪೀಡೆನ್ಸ್ ಇರುವ ಒಳದಾರಿ ಸಿಕ್ಕಾಗ ಮಾತ್ರ ತನ್ನ ಮೇಲಿನ ಸ್ವರಗಳ ಹೊಳಪನ್ನು ಉಳಿಸಿಕೊಳ್ಳುತ್ತದೆ. ಲೈನ್ ಇನ್‌ಪುಟ್‌ನ ಇಂಪೀಡೆನ್ಸ್ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೊಓಮ್‌ಗಳಷ್ಟೇ. ಆರಂಭದಲ್ಲಿ ನಾನು ಇನ್‌ಸ್ಟ್ರುಮೆಂಟ್ ಒಳದಾರಿಯನ್ನು ಆರಿಸುವ ಗುಂಡಿಯನ್ನು ಗಮನಿಸದೆ ಎರಡು ವಾರ ಲೈನ್ ಇನ್‌ಪುಟ್‌ನಲ್ಲೇ ರೆಕಾರ್ಡ್ ಮಾಡಿ, ಗಿಟಾರಿನ ಮೇಲೆ ಕಂಬಳಿ ಹೊದಿಸಿದಂಥ ಆ ಮಂಕು ಧ್ವನಿಗೆ ಹಳೆಯ ತಂತಿಗಳೇ ಕಾರಣವೆಂದು ಭಾವಿಸಿ ಹೊಸ ಸೆಟ್ ಹಾಕಿದ್ದೆ. ಗುಂಡಿ ಒತ್ತಿದ ಕೂಡಲೇ ಗಿಟಾರ್ ಬಾಯಿಬಿಟ್ಟಿತು.

ಇನ್ನು ಗೇನ್, ಅಂದರೆ ಒಳಬರುವ ಸಿಗ್ನಲನ್ನು ಎಷ್ಟು ಏರಿಸಬೇಕೆಂಬುದು. ಬ್ರಿಡ್ಜ್ ಬಳಿಯ ಪಿಕಪ್ ಆರಿಸಿ, ಗಿಟಾರಿನ ವಾಲ್ಯೂಮ್ ಪೂರ್ತಿ ತೆರೆದು, ಹಾಡಿನಲ್ಲಿ ಬಾರಿಸುವುದಕ್ಕಿಂತ ಒಂದಿಷ್ಟು ಜೋರಾಗಿಯೇ ಆರೂ ತಂತಿಗಳನ್ನು ಮೀಟಬೇಕು. ಆಗ ಮೀಟರಿನ ಏರುತುದಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಸರಿ. ವಾಲ್ವ್ ಆಂಪ್ ತುಂಬಿ ಹರಿದಾಗ ಹುಟ್ಟುವ ಬಿರುಕು ಧ್ವನಿ ಕಿವಿಗೆ ಹಿತವಾಗಿರುತ್ತದೆ, ಆದರೆ ಡಿಜಿಟಲ್ ಮಟ್ಟ ಸೊನ್ನೆಯನ್ನು ದಾಟಿದರೆ ತರಂಗದ ತಲೆ ಕತ್ತರಿಸಿಹೋಗುತ್ತದೆ. ಅದನ್ನು ಮೊದಲಿನಂತೆ ಮಾಡಲಾಗದು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮಟ್ಟ ಸ್ವಲ್ಪ ಕಡಿಮೆಯಿದ್ದರೆ ನಷ್ಟವೇನಿಲ್ಲ.

ಮೀಟಿದ ನಾದ ಕಿವಿಗೆ ತಡವಾಗಿ ಬಂದರೆ ಲಯವೇ ತಪ್ಪುತ್ತದೆ. ಈ ತಡವನ್ನು ಲೇಟೆನ್ಸಿ ಎನ್ನುತ್ತಾರೆ. ಅದನ್ನು ಮುಖ್ಯವಾಗಿ ನಿರ್ಧರಿಸುವುದು ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಸಂಸ್ಕರಿಸುವ ಧ್ವನಿಯ ತುಣುಕು. 48 ಕಿಲೊಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್, ಒಳಬರುವಾಗ ಒಂದು, ಹೊರಹೋಗುವಾಗ ಒಂದು, ಜೊತೆಗೆ ಇಂಟರ್‌ಫೇಸ್‌ನದೇ ಒಂದಿಷ್ಟು. ಆಂಪ್‌ನಿಂದ ಮೂರು ಮೀಟರ್ ದೂರ ನಿಂತವರಿಗೂ ಧ್ವನಿ ತಲುಪಲು ಸುಮಾರು 9 ಮಿಲಿಸೆಕೆಂಡ್ ಬೇಕಾದ್ದರಿಂದ ಇಷ್ಟು ತಡವನ್ನು ಬೆರಳುಗಳು ಲೆಕ್ಕಕ್ಕೆ ಇಡುವುದಿಲ್ಲ. ಬಫರ್ 1024ಕ್ಕೆ ಏರಿದರೆ ತಡ 40 ಮಿಲಿಸೆಕೆಂಡ್ ದಾಟುತ್ತದೆ, ನುಡಿಸುವುದು ಕಷ್ಟವಾಗುತ್ತದೆ. ಆದ್ದರಿಂದ ರೆಕಾರ್ಡ್ ಮಾಡುವಾಗ 128, ಮಿಕ್ಸಿಂಗ್ ಮಾಡುವಾಗ 1024 ಎಂದು ಬದಲಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ವಿಂಡೋಸ್ ಬಳಸುವವರು ಇಂಟರ್‌ಫೇಸ್ ತಯಾರಕರೇ ಕೊಡುವ ಏಸಿಯೊ (ASIO) ಡ್ರೈವರ್ ಹಾಕಿಕೊಳ್ಳಬೇಕು. ಮ್ಯಾಕ್‌ನಲ್ಲಿ ಈ ತಾಪತ್ರಯ ಇಲ್ಲ. ಬ್ಲೂಟೂತ್ ಹೆಡ್‌ಫೋನ್ ಎಷ್ಟೇ ಒಳ್ಳೆಯದಾಗಿರಲಿ ಈ ಕೆಲಸಕ್ಕೆ ಬರುವುದಿಲ್ಲ. ತಂತಿಯಿರುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇರಲಿ.

ರೆಕಾರ್ಡಿಂಗ್ ಸಾಫ್ಟ್‌ವೇರಿನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಉಳಿದವರು ರೀಪರ್ ಹಾಕಿಕೊಂಡರೆ 60 ದಿನ ಪೂರ್ಣವಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್. ಆಡಾಸಿಟಿ ಧ್ವನಿಯನ್ನು ಕತ್ತರಿಸಿ ಜೋಡಿಸಲು ಚೆನ್ನಾಗಿದೆಯಾದರೂ, ನುಡಿಸುತ್ತಿರುವಾಗಲೇ ಆಂಪ್ ಪ್ಲಗಿನ್ ಮೂಲಕ ಕೇಳಿಸಿಕೊಳ್ಳುವ ಅನುಕೂಲ ಅದರಲ್ಲಿಲ್ಲ.

ಆಂಪ್‌ಗಾಗಿ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ಪ್ಲಗಿನ್ ಇದೆ. ನಿಜವಾದ ಆಂಪ್‌ಗಳ ಪ್ರತಿಕ್ರಿಯೆಯನ್ನು ಯಂತ್ರಕಲಿಕೆಯಿಂದ ಸೆರೆಹಿಡಿದ ಕಡತಗಳನ್ನು ಅದರೊಳಗೆ ತೆರೆದು ನುಡಿಸಬಹುದು. ಹೊಸಬರು ಎಡವುವುದು ಇಲ್ಲಿಯೇ: ಅನೇಕ ಕಡತಗಳಲ್ಲಿ ಆಂಪ್‌ನ ತಲೆಭಾಗ ಮಾತ್ರ ಇರುತ್ತದೆ, ಸ್ಪೀಕರ್ ಇರುವುದಿಲ್ಲ. ಗಿಟಾರ್ ಕ್ಯಾಬಿನೆಟ್‌ನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೊಹರ್ಟ್ಸ್‌ನಿಂದಾಚೆಗಿನ ಕೀರಲನ್ನು ತಾನಾಗಿಯೇ ಇಳಿಸಿಬಿಡುತ್ತದೆ; ಅದಿಲ್ಲದೆ ಡಿಸ್ಟಾರ್ಷನ್ (ಆಂಪ್‌ನ ಬಿರುಕು ಧ್ವನಿ) ಕೇಳಿದರೆ ಖಾಲಿ ಮಿಕ್ಸಿಯನ್ನು ತಿರುಗಿಸಿದಂತಿರುತ್ತದೆ. ಇದಕ್ಕೆ ಪರಿಹಾರ ಇಂಪಲ್ಸ್ ರೆಸ್ಪಾನ್ಸ್, ಅಂದರೆ ಒಂದು ಕ್ಯಾಬಿನೆಟ್ ಮತ್ತು ಅದರ ಮುಂದಿಟ್ಟ ಮೈಕಿನ ಗುಣವನ್ನು ಹಿಡಿದಿಟ್ಟ ಪುಟ್ಟ ವೇವ್ ಕಡತ. ಆಂಪ್‌ನ ಟ್ರೆಬಲ್ ಗುಂಡಿಯನ್ನು ಅರ್ಧ ಗಂಟೆ ತಿರುಗಿಸಿದರೂ ಆಗದ ಬದಲಾವಣೆ ಈ ಒಂದು ಕಡತವನ್ನು ಬದಲಿಸಿದಾಗ ಆಗುತ್ತದೆ. ಹೀಗಾಗಿ ನಾನು ಆಂಪ್‌ಗಳ ಸಂಗ್ರಹ ಬೆಳೆಸುವುದನ್ನು ಬಿಟ್ಟು ಎರಡೇ ಆಂಪ್, ನಾಲ್ಕೈದು ಕ್ಯಾಬಿನೆಟ್ ಇಟ್ಟುಕೊಂಡಿದ್ದೇನೆ.

ಪ್ಲಗಿನ್ ಯಾವುದೇ ಇರಲಿ, ಟ್ರ್ಯಾಕ್‌ನಲ್ಲಿ ದಾಖಲಾಗಬೇಕಾದದ್ದು ಯಾವ ಪರಿಣಾಮವೂ ತಾಗದ ಹಸಿ ಗಿಟಾರ್ ಧ್ವನಿ. ರೀಪರ್‌ನಲ್ಲಿ ಟ್ರ್ಯಾಕ್‌ಗೆ ಪ್ಲಗಿನ್ ಹಾಕಿದರೆ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ: ಕಿವಿಗೆ ಬೀಳುವುದು ಆಂಪ್, ಕಡತದಲ್ಲಿ ಉಳಿಯುವುದು ಬರಿಯ ತಂತಿಯ ನಾದ. ಇಂದಿನ ಡಿಸ್ಟಾರ್ಷನ್ ನಾಳೆ ಬೇಡವೆನಿಸಿದರೆ ಮತ್ತೆ ನುಡಿಸಬೇಕಾಗಿಲ್ಲ, ಆಂಪ್ ಬದಲಿಸಿದರಾಯಿತು.

ಗುಂಯ್‌ಗುಡುವ ಸದ್ದಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್. ಸಿಂಗಲ್ ಕಾಯಿಲ್ ಪಿಕಪ್ ಅದನ್ನೂ ಅದರ ಗುಣಿತಗಳನ್ನೂ ಆಂಟೆನಾದಂತೆ ಹಿಡಿಯುತ್ತದೆ. ಇದನ್ನು ನೀಗಲೆಂದೇ ಗಿಬ್ಸನ್ ಸಂಸ್ಥೆಯಲ್ಲಿ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ಹಂಬಕರ್ ರೂಪಿಸಿದರು. ಹಂಬಕರ್ ಇಲ್ಲದವರು ಲ್ಯಾಪ್‌ಟಾಪಿನಿಂದ ದೂರ ಸರಿದು, ಕುಳಿತಲ್ಲೇ ನಿಧಾನವಾಗಿ ತಿರುಗುತ್ತಾ ಹೋದರೆ ಸದ್ದು ಬಹುಮಟ್ಟಿಗೆ ಅಡಗುವ ಒಂದು ದಿಕ್ಕು ಸಿಗುತ್ತದೆ. ನನ್ನ ಕೋಣೆಯಲ್ಲಿ ಅದು ಬೀರುವಿನ ಕಡೆ. ನಂತರ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಬೇಕು, ಆಮೇಲೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಬೇರೆ ಬೇರೆ ವೇಗಕ್ಕೆ ತಿರುಗಿಸಿ ನೋಡಬೇಕು. ಫ್ಯಾನು ಎರಡರಲ್ಲಿದ್ದಾಗ ಚುರುಗುಟ್ಟುವ ಗಿಟಾರ್ ಐದಕ್ಕೆ ಏರಿಸಿದೊಡನೆ ಸುಮ್ಮನಾಗುವುದನ್ನು ನಾನೇ ಕಂಡಿದ್ದೇನೆ. ತಂತಿಯನ್ನು ಮುಟ್ಟಿದಾಗ ಸದ್ದು ಕಡಿಮೆಯಾದರೆ ಅದು ಸಹಜ. ಆದರೆ ತಂತಿ ಮುಟ್ಟಿದಾಗ ಕೈ ಜುಮ್ಮೆಂದರೆ ರೆಕಾರ್ಡಿಂಗ್ ನಿಲ್ಲಿಸಿ ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಬೇಕು. ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಪಿನ್ ತಪ್ಪಿಸುವುದು ಜೀವಕ್ಕೆ ಅಪಾಯ.

ರಿದಮ್ ಗಿಟಾರ್ ದಪ್ಪವಾಗಿ ಕೇಳಬೇಕಾದರೆ ಒಂದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೂ ಇನ್ನೊಂದನ್ನು ಪೂರ್ತಿ ಬಲಕ್ಕೂ ಇಡಬೇಕು. ಮೊದಲನೆಯದನ್ನೇ ನಕಲು ಮಾಡಿ ಇಟ್ಟರೆ ಸದ್ದು ಜೋರಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ, ಏಕೆಂದರೆ ಆ ಅಗಲ ಹುಟ್ಟುವುದೇ ಎರಡು ಸಲದ ಕೈಯ ಸಣ್ಣ ವ್ಯತ್ಯಾಸಗಳಿಂದ. ಎರಡು ಪದರ ಸೇರುವಾಗ ಡಿಸ್ಟಾರ್ಷನ್ ಕೂಡ ಸೇರಿಕೊಳ್ಳುವುದರಿಂದ, ಒಂಟಿಯಾಗಿ ನುಡಿಸುವಾಗ ಇಷ್ಟವಾಗುವ ಗೇನ್‌ಗಿಂತ ಒಂದಿಷ್ಟು ಇಳಿಸಿಕೊಳ್ಳಬೇಕು. ಪ್ರತಿ ಟೇಕಿಗೂ ಮುಂಚೆ ಶ್ರುತಿ ನೋಡಿಕೊಳ್ಳಬೇಕು. ದಪ್ಪ ತಂತಿಯ ಮೂಲಸ್ವರ 82 ಹರ್ಟ್ಸ್ ಇರುವುದರಿಂದ 70-80ರ ಕೆಳಗಿನದನ್ನು ಹೈಪಾಸ್ ಫಿಲ್ಟರಿನಿಂದ ತೆಗೆದರೆ ಬೇಸ್ ಗಿಟಾರಿಗೆ ಜಾಗ ಸಿಗುತ್ತದೆ. ಕೊನೆಗೆ ಎಡಬಲ ಎರಡನ್ನೂ ಮೊನೊ ಮಾಡಿ ಒಮ್ಮೆ ಕೇಳಿ, ಗಿಟಾರ್ ಎಲ್ಲಿಯೂ ತೆಳ್ಳಗಾಗುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಹಸಿ ಟ್ರ್ಯಾಕ್‌ಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಎತ್ತಿಡಬೇಕು.